ತೂಕ ಇಳಿಸುವಾಗ ಹಸಿವು ಬಿಡುವುದಿಲ್ಲ ಏಕೆ, ಅದನ್ನು ತಣಿಸುವುದು ಹೇಗೆ

ತೂಕ ಇಳಿಸುವ ಹೊಸ ಸೂಜಿಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ. ಅಲ್ಲಿಂದೀಚೆಗೆ ಕಾಸರಗೋಡಿನ ಮದುವೆ ಮನೆಗಳಲ್ಲಿ, ಉಪ್ಪಳ, ಕುಂಬಳೆಯ ಜಿಮ್ಮುಗಳಲ್ಲಿ, ಮಂಗಳೂರಿಗೆ ಡಾಕ್ಟರರನ್ನು ಕಾಣಲು ಹೊರಟವರ ಬಸ್ಸಿನಲ್ಲಿ ಒಂದು ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ: "ಆ ಸೂಜಿ ಹಾಕಿಸಿಕೊಂಡರೆ ಹಸಿವೇ ಆಗುವುದಿಲ್ಲವಂತೆ, ಹೌದಾ?"

ಪ್ರಶ್ನೆ ಕೇಳುವವರಿಗೆ ಅನುಭವ ಇದೆ. ರಾತ್ರಿ ಅನ್ನ ಬಿಟ್ಟು ಎರಡು ಚಪಾತಿಯಲ್ಲಿ ಊಟ ಮುಗಿಸಿದವರಿಗೆ ಹತ್ತು ಗಂಟೆಯ ಹೊತ್ತಿಗೆ ಅಡಿಗೆಮನೆಯ ಡಬ್ಬಗಳೆಲ್ಲ ನೆನಪಾಗುತ್ತವೆ. ಮೊದಲ ವಾರ ತಡೆದುಕೊಳ್ಳುತ್ತಾರೆ, ಮೂರನೆಯ ವಾರಕ್ಕೆ ಸೋಲುತ್ತಾರೆ. ಮನೆಯವರು "ಬಾಯಿಚಪಲ" ಎನ್ನುತ್ತಾರೆ, ಅವರೂ ಅದನ್ನೇ ನಂಬುತ್ತಾರೆ. ಈ ನಂಬಿಕೆ ತಪ್ಪು. ಡಯಟ್ ಮಾಡುವವರ ಹಸಿವಿನ ಹಿಂದೆ ದೇಹದ ಒಂದು ಗಟ್ಟಿ ವ್ಯವಸ್ಥೆ ಇದೆ. ಅದು ತಿಳಿದರೆ ಹಲ್ಲು ಕಚ್ಚಿ ತಡೆದುಕೊಳ್ಳಬೇಕಾದ ಹಸಿವು ಎಷ್ಟು, ಊಟದ ಬಟ್ಟಲಲ್ಲೇ ತಣಿಸಬಹುದಾದ ಹಸಿವು ಎಷ್ಟು ಎಂದು ಗೊತ್ತಾಗುತ್ತದೆ.

ಹಸಿವು ಹುಟ್ಟುವುದು ಎಲ್ಲಿ?

ಹೊಟ್ಟೆ ಚುರುಗುಟ್ಟಿದರೂ ಹಸಿವಿನ ತೀರ್ಮಾನ ಆಗುವುದು ಮೆದುಳಿನಲ್ಲಿ. ಮೆದುಳಿನ ತಳಭಾಗದಲ್ಲಿ ಹೈಪೊಥಲಮಸ್ ಎಂಬ ಪುಟ್ಟ ಭಾಗ ಇದೆ. ದೇಹದ ಬೇರೆ ಬೇರೆ ಕಡೆಯಿಂದ ಬರುವ ಸಂದೇಶಗಳನ್ನು ಒಟ್ಟು ಮಾಡಿ "ಈಗ ತಿನ್ನು" ಅಥವಾ "ಸಾಕು" ಎಂದು ಹೇಳುವುದು ಅದು.

ಮೊದಲ ಸಂದೇಶ ಜಠರದ ಗೋಡೆಯಿಂದ. ಆಹಾರ ಬಿದ್ದು ಗೋಡೆ ಹಿಗ್ಗಿದರೆ ಅಲ್ಲಿನ ನರತುದಿಗಳು ವೇಗಸ್ ಎಂಬ ನರದ ಮೂಲಕ ಸುದ್ದಿ ಕಳಿಸುತ್ತವೆ. ಜಠರದ ಈ ನರತುದಿಗಳಿಗೆ ಗೊತ್ತಾಗುವುದು ಎಷ್ಟು ತುಂಬಿದೆ ಎಂಬುದು ಮಾತ್ರ. ತುಂಬಿದ್ದು ಸೌತೆಕಾಯಿಯೋ ಹೋಳಿಗೆಯೋ ಎಂಬುದು ಅವಕ್ಕೆ ತಿಳಿಯದು.

ಎರಡನೆಯದು ಗ್ರೆಲಿನ್. ಇದೂ ಜಠರದಿಂದಲೇ ರಕ್ತಕ್ಕೆ ಸೇರುವ ಹಾರ್ಮೋನು. 1999ರಲ್ಲಿ ಜಪಾನಿನ ಮಸಯಸು ಕೊಜಿಮ ಮತ್ತು ಕೆಂಜಿ ಕಂಗಾವ ಇದನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಮೂರನೆಯ ಸಂದೇಶ ಕರುಳಿನದು. ಆಹಾರ ಅಲ್ಲಿಗೆ ತಲುಪಿದಾಗ ಜಿಎಲ್‌ಪಿ-1, ಪಿವೈವೈ, ಸಿಸಿಕೆ ಎಂಬ ಹಾರ್ಮೋನುಗಳು ಹೊರಬಂದು "ಸಾಕು" ಎನ್ನುತ್ತವೆ. ಇವು ಹೊರಬರಲು ಹೊತ್ತು ಹಿಡಿಯುತ್ತದೆ. ಐದು ನಿಮಿಷದಲ್ಲಿ ಉಂಡು ಕೈತೊಳೆಯುವವರಿಗೆ "ಸಾಕು" ಎಂಬ ಸುದ್ದಿ ತಲುಪುವುದು ಎರಡನೆಯ ಸಲ ಅನ್ನ ಬಡಿಸಿಕೊಂಡ ಮೇಲೆ. ಹದಿನೈದು ಇಪ್ಪತ್ತು ನಿಮಿಷ ಕೂತು ಉಣ್ಣಿ ಎಂದು ಹೇಳುವುದು ಇದೇ ಕಾರಣಕ್ಕೆ.

ಇವು ಮೂರೂ ಆಯಾ ಹೊತ್ತಿನ ಸಂದೇಶಗಳು. ಡಯಟ್ ಮಾಡುವವರನ್ನು ತಿಂಗಳುಗಟ್ಟಲೆ ಕಾಡುವುದು ನಾಲ್ಕನೆಯದು.

ದೇಹ ಇಡುವ ಕೊಬ್ಬಿನ ಲೆಕ್ಕ

ಕಾಸರಗೋಡಿನ ಬಾಯಾರು ಕಡೆಯ ಗುಡ್ಡದ ಮನೆಗಳಲ್ಲಿ, ನೀರಿಗಾಗಿ ಗುಡ್ಡವನ್ನು ಅಡ್ಡ ಕೊರೆದ ಸುರಂಗದ ನೀರು ಟಾಂಕಿಗೆ ಬೀಳುತ್ತಿರುತ್ತದೆ. ಬೇಸಗೆ ಏರಿ ನೀರಿನ ಎಳೆ ಸಪೂರವಾದಾಗ ಟಾಂಕಿ ಪೂರಾ ಬತ್ತಲಿ ಎಂದು ಯಾರೂ ಕಾಯುವುದಿಲ್ಲ. ಮಟ್ಟ ಒಂದು ಮೊಳ ಇಳಿದದ್ದು ಕಂಡ ಕೂಡಲೇ ತೋಟಕ್ಕೆ ಬಿಡುವ ನೀರನ್ನು ಕಡಿಮೆ ಮಾಡುತ್ತಾರೆ, ಬೇರೆಲ್ಲಿ ನೀರು ಸಿಕ್ಕೀತು ಎಂದು ಹುಡುಕತೊಡಗುತ್ತಾರೆ. ಕೊಬ್ಬಿನ ವಿಷಯದಲ್ಲಿ ದೇಹ ಮಾಡುವುದು ಇದನ್ನೇ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಕೊಬ್ಬು ಜಾಸ್ತಿ ಇದ್ದರೆ ಲೆಪ್ಟಿನ್ ಜಾಸ್ತಿ, ಕೊಬ್ಬು ಕರಗಿದರೆ ಲೆಪ್ಟಿನ್ ಕಡಿಮೆ. ಮೆದುಳು ಮಟ್ಟ ನೋಡುವುದು ಇದರಿಂದ. 1994ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು.

ಲೆಪ್ಟಿನ್ ಇಳಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ದೇಹ ತನ್ನ ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು. ಒಂದು ಕಿಲೋ ತೂಕ ಇಳಿದರೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಅದೇ ಒಂದು ಕಿಲೋಗೆ ತಿನ್ನುವ ಒತ್ತಡ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ತಗ್ಗುವುದರ ಮೂರು ಪಟ್ಟಿಗಿಂತಲೂ ಹೆಚ್ಚು ಹಸಿವು ಏರುತ್ತದೆ. "ನನ್ನ ಮೆಟಬಾಲಿಸಂ ಸ್ಲೋ ಆಗಿದೆ" ಎಂದು ಬೇಸರಪಡುವವರಿಗೆ ನಿಜವಾಗಿ ಎದುರಾಗಿ ನಿಂತಿರುವುದು ಹಸಿವು.

ಈ ಏರಿದ ಹಸಿವು ಬೇಗ ಇಳಿಯುವುದೂ ಇಲ್ಲ. ಮೆಲ್ಬೋರ್ನಿನ ಸಂಶೋಧಕರು 50 ಮಂದಿಗೆ ಹತ್ತು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಸರಾಸರಿ ಹದಿಮೂರು ಕಿಲೋಗಿಂತ ಹೆಚ್ಚು ಇಳಿಯಿತು. ಒಂದು ವರ್ಷ ಕಳೆದು ಮತ್ತೆ ಪರೀಕ್ಷಿಸಿದಾಗಲೂ ಲೆಪ್ಟಿನ್ ಮೊದಲಿಗಿಂತ ಕೆಳಗೆ, ಗ್ರೆಲಿನ್ ಮೇಲೆ, ಹಸಿವು ಹೆಚ್ಚು ಇತ್ತು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ಯಾರನ್ನೂ "ಮನಸ್ಸು ಗಟ್ಟಿ ಮಾಡು" ಎಂದು ಬೈಯಲು ಬಾಯಿ ಬರುವುದಿಲ್ಲ.

ಇನ್ನೂ ಹಳೆಯ ಸಾಕ್ಷಿಯೂ ಇದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಜೊತೆಗೆ ನಡಿಗೆ, ಕೆಲಸ. ಅವರಿಗೆ ಊಟದ ವಿಷಯ ಬಿಟ್ಟು ಬೇರೆ ಯೋಚನೆ ಬರುತ್ತಿರಲಿಲ್ಲ. ಅಡಿಗೆ ಪುಸ್ತಕ ಓದುತ್ತಿದ್ದರು, ಪಾಕವಿಧಾನಗಳನ್ನು ಸಂಗ್ರಹಿಸುತ್ತಿದ್ದರು, ಸಿಟ್ಟು, ಮಂಕು ಕವಿದಿತ್ತು. ಇಂದು ಮೊಬೈಲಿನಲ್ಲಿ ಓಡಾಡುವ ಎಷ್ಟೋ ಡಯಟ್ ಚಾರ್ಟುಗಳು ಇದಕ್ಕಿಂತ ಕಡಿಮೆ ಕ್ಯಾಲೊರಿಯವು.

ಸೂಜಿ ಮಾಡುವುದೇನು?

ವೆಗೋವಿಯಲ್ಲಿರುವ ಸೆಮಾಗ್ಲುಟೈಡ್, ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ, ಆದರೆ ವಾರವಿಡೀ ನಿಲ್ಲುತ್ತದೆ. ಮೌಂಜಾರೊದ ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ದಾರಿಯನ್ನೂ ಬಳಸುತ್ತದೆ. ಮೆದುಳಿಗೆ "ಸಾಕು" ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ, ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ತೊಂದರೆಗಳು. ನಿಲ್ಲಿಸಿದರೆ ಹಸಿವು ಮರಳುತ್ತದೆ: ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿಸಿದ್ದರ ಮೂರನೇ ಎರಡು ಪಾಲನ್ನು ಮರಳಿ ಪಡೆದರೆಂದು 2022ರ ಅಧ್ಯಯನ ತೋರಿಸಿದೆ. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವ ಮದ್ದು ಇದಲ್ಲ. ಸೂಜಿ ಬೇಕಾದವರಿಗೂ ಬೇಡದವರಿಗೂ ಬಟ್ಟಲಿನ ವಿಷಯ ಒಂದೇ.

ಹೊಟ್ಟೆ ತುಂಬಬೇಕು, ಕ್ಯಾಲೊರಿ ತುಂಬಬಾರದು

ಕ್ಯಾಲೊರಿ ಎಂದರೆ ಆಹಾರದಲ್ಲಿರುವ ಶಕ್ತಿಯ ಅಳತೆ. ಪಿಷ್ಟ ಮತ್ತು ಪ್ರೋಟೀನಿನ ಒಂದು ಗ್ರಾಮಿಗೆ 4, ಕೊಬ್ಬಿನ ಒಂದು ಗ್ರಾಮಿಗೆ 9. ನೀರಿಗೆ ಸೊನ್ನೆ, ನಾರಿಗೆ ಬಹಳ ಕಡಿಮೆ. ಜಠರದ ನರ ನೋಡುವುದು ತುಂಬಿದ ಗಾತ್ರವನ್ನು ಎಂದೆವಲ್ಲ. ಹಾಗಾದರೆ ನೀರು ಮತ್ತು ನಾರು ಹೆಚ್ಚಿರುವ ಊಟದಲ್ಲಿ ಕಡಿಮೆ ಕ್ಯಾಲೊರಿಗೆ ಹೆಚ್ಚು ತುಂಬಿದ ಸಮಾಧಾನ ಸಿಗಬೇಕು. ಸಿಗುತ್ತದೆ.

ನೂರು ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ. ನೂರು ಗ್ರಾಂ ಬಾಳೆಕಾಯಿ ಚಿಪ್ಸಿನಲ್ಲಿ 500ಕ್ಕಿಂತ ಹೆಚ್ಚು. ಚಿಪ್ಸ್ ಕರಿಯುವಾಗ ಕಾಯಿಯ ನೀರು ಹೊರಟುಹೋಗಿ ಆ ಜಾಗಕ್ಕೆ ಎಣ್ಣೆ ಬರುತ್ತದೆ. ಹಲಸಿನ ಹಪ್ಪಳದ ಕಥೆಯೂ ಅದೇ.

ನೀರನ್ನು ಪ್ರತ್ಯೇಕ ಕುಡಿದರೆ ಸಾಲದೇ? ಇದನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ತಂಡ 1999ರಲ್ಲಿ ನೋಡಿತು. ಒಂದೇ ಪದಾರ್ಥವನ್ನು ಒಮ್ಮೆ ಗಟ್ಟಿಯಾಗಿ, ಒಮ್ಮೆ ಗಟ್ಟಿಯಾಗಿ ಒಂದು ಲೋಟ ನೀರಿನ ಜೊತೆ, ಒಮ್ಮೆ ಅದೇ ನೀರು ಬೆರೆಸಿ ಸೂಪ್ ಮಾಡಿ ಊಟಕ್ಕೆ ಮುಂಚೆ ಕೊಟ್ಟರು. ಆಮೇಲಿನ ಊಟದಲ್ಲಿ ಕಡಿಮೆ ತಿಂದದ್ದು ಸೂಪ್ ಕುಡಿದಾಗ ಮಾತ್ರ. ಆಹಾರದೊಳಗೆ ಬೆಂದು ಸೇರಿದ ನೀರಿಗೆ ಹಸಿವು ತಣಿಸುವ ಶಕ್ತಿ ಬೇರೆಯೇ.

ನಮ್ಮ ಊರಿನಲ್ಲಿ ಇದಕ್ಕೆ ಹೆಸರು ಹುಡುಕಬೇಕಾಗಿಲ್ಲ. ಅದು ಗಂಜಿ. ಅರುವತ್ತು ಗ್ರಾಂ ಕುಚ್ಚಿಲಕ್ಕಿಯಲ್ಲಿ ಸುಮಾರು 210 ಕ್ಯಾಲೊರಿ. ಅದನ್ನು ಅನ್ನ ಮಾಡಿ ಬಸಿದರೆ ಬಟ್ಟಲಿನ ಒಂದು ಮೂಲೆಗೆ ಸಾಕು. ತಿಳಿ ಸಮೇತ ಗಂಜಿ ಮಾಡಿದರೆ ದೊಡ್ಡ ಬಟ್ಟಲು ತುಂಬುತ್ತದೆ, ಬಿಸಿ ಇರುವುದರಿಂದ ಉಣ್ಣಲು ಹೊತ್ತೂ ಹಿಡಿಯುತ್ತದೆ. ಕರುಳಿನ ಸುದ್ದಿ ಮೆದುಳಿಗೆ ತಲುಪಲು ಬೇಕಾದದ್ದು ಇದೇ ಹೊತ್ತು. ಆದರೆ ಬರೀ ಗಂಜಿ ಉಪ್ಪಿನಕಾಯಿ ಬೇಗ ಜೀರ್ಣವಾಗಿ ಎರಡು ಗಂಟೆಯಲ್ಲಿ ಮತ್ತೆ ಹಸಿವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಮೆತ್ತಗೆ ಬೆಂದ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ ಕೂಡ. ಮಲೆಯಾಳಿ ಮನೆಗಳಲ್ಲಿ ಗಂಜಿಗೆ ಹೆಸರುಕಾಳಿನ ಪಲ್ಯ ಜೊತೆಗಿಡುವ ಕ್ರಮ ಇದೆ. ಆ ಜೋಡಿ ಬಹಳ ಒಳ್ಳೆಯದು. ಕಾಳಿನ ನಾರು, ಪ್ರೋಟೀನು ಸೇರಿದರೆ ಗಂಜಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಮಧ್ಯಾಹ್ನದ ಊಟಕ್ಕೆ ಇದೇ ಲೆಕ್ಕ. ಹರಿವೆ, ಬಸಳೆ, ತೊಂಡೆ, ಅಲಸಂಡೆ, ಗೊನೆ ಕಡಿದ ಬಾಳೆಯ ದಿಂಡು ಇವುಗಳ ಪಲ್ಯ ಬಟ್ಟಲಿನ ಅರ್ಧ ಇರಲಿ. ಪಲ್ಯವನ್ನು ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಇಲ್ಲಿ ನಮ್ಮ ಅಡಿಗೆಗೆ ಒಂದು ತೊಡಕು ಇದೆ, ಅದು ತೆಂಗಿನಕಾಯಿ. ತುರಿದ ಹಸಿಕಾಯಿಯ ನೂರು ಗ್ರಾಮಿಗೆ ಸುಮಾರು 350 ಕ್ಯಾಲೊರಿ, ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120. ಪಲ್ಯದ ಮೇಲೆ ಕಾಯಿ, ಹುಳಿಗೆ ಕಾಯಿ, ಚಟ್ನಿಗೆ ಕಾಯಿ, ಒಗ್ಗರಣೆಗೆ ಎಣ್ಣೆ ಎಂದಾದರೆ ತರಕಾರಿಯ ಊಟವೂ ಭಾರದ ಊಟವಾಗುತ್ತದೆ. ಕಾಯಿ ಬಿಡಿ ಎಂದು ಕಾಸರಗೋಡಿನವರಿಗೆ ಹೇಳುವುದು ನ್ಯಾಯ ಅಲ್ಲ, ಬೇಕಾಗಿಯೂ ಇಲ್ಲ. ಒಂದು ಊಟದಲ್ಲಿ ಒಂದು ಪದಾರ್ಥಕ್ಕೆ ಮಾತ್ರ ಕಾಯಿ ಇರಲಿ. ಸೌತೆಕಾಯಿಯ ಬೋಳು ಹುಳಿ, ಸಾರು, ನೀರು ಮಜ್ಜಿಗೆಯಂಥ ಕಾಯಿ ಇಲ್ಲದ ಪದಾರ್ಥಗಳು ನಮ್ಮಲ್ಲಿ ಮೊದಲಿನಿಂದ ಇವೆ.

ಬಟಾಟೆಯ ಬಗ್ಗೆ ಒಂದು ಮಾತು. ದಪ್ಪ ಆಗುತ್ತದೆಂದು ಅದನ್ನು ದೂರ ಇಡುವವರು ಬಹಳ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸೂಸನ್ನಾ ಹೋಲ್ಟ್ 38 ಆಹಾರಗಳನ್ನು ಒಂದೇ ಕ್ಯಾಲೊರಿಯ ಅಳತೆಯಲ್ಲಿ ತಿನ್ನಿಸಿ ಯಾವುದು ಹೆಚ್ಚು ಹೊತ್ತು ಹಸಿವು ತಡೆಯುತ್ತದೆ ಎಂದು ನೋಡಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡರೆ ಬೇಯಿಸಿದ ಬಟಾಟೆಗೆ 323 ಸಿಕ್ಕಿತು. ಪಟ್ಟಿಯಲ್ಲಿ ಅದೇ ಮೊದಲು. ಕರಿದಾಗ, ಬೆಣ್ಣೆ ಹಾಕಿದಾಗ ಈ ಗುಣ ಉಳಿಯುವುದಿಲ್ಲ.

ಹುರುಳಿಯ ಕಟ್ಟು ನಮಗೆ, ಕಾಳು ದನಕ್ಕೆ

ಒಂದೇ ಅಳತೆಯ ಕ್ಯಾಲೊರಿಯಲ್ಲಿ ಹೆಚ್ಚು ಹೊತ್ತು ಹಸಿವು ತಡೆಯುವುದು ಪ್ರೋಟೀನು. ಕರುಳಿನ "ಸಾಕು" ಹಾರ್ಮೋನುಗಳನ್ನು ಅದು ಚೆನ್ನಾಗಿ ಎಬ್ಬಿಸುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದನ್ನು ಕಾಪಾಡುವುದೂ ಪ್ರೋಟೀನೇ. ಆರೋಗ್ಯವಂತ ಭಾರತೀಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ತೂಕ ಇಳಿಸುವವರಿಗೆ ಒಂದು ಗ್ರಾಮಿಗಿಂತ ತುಸು ಮೇಲೆ ಹೋಗಲು ಆಹಾರ ತಜ್ಞರು ಸಾಮಾನ್ಯವಾಗಿ ಸೂಚಿಸುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಅನ್ನ, ಸಾರು, ಪಲ್ಯ, ಮಜ್ಜಿಗೆಯ ಊಟದಲ್ಲಿ ಪ್ರೋಟೀನು ಬಹಳ ಕಡಿಮೆ. ಸಸ್ಯಾಹಾರಿ ಮನೆಗಳಲ್ಲಿ ಡಯಟ್ ಮಾಡುವವರ ಹಸಿವಿಗೆ ದೊಡ್ಡ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ. ಹುರುಳಿಯನ್ನೇ ನೋಡಿ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಹಟ್ಟಿ ಇದ್ದ ಮನೆಗಳಲ್ಲಿ ಹುರುಳಿ ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುತ್ತಿದ್ದರು, ಕಾಳನ್ನು ಹಾಲು ಕೊಡುವ ದನಕ್ಕೆ ಹಾಕುತ್ತಿದ್ದರು. ಸಾರಿನ ರುಚಿಗೆ ಎಣೆ ಇಲ್ಲ, ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಕಟ್ಟಿನ ಸಾರು ಮಾಡಿ, ಕಾಳಿಗೆ ಈರುಳ್ಳಿ ಒಗ್ಗರಣೆ ಹಾಕಿ ಪಲ್ಯವನ್ನೂ ಮಾಡಿ. ಹೆಸರು, ಕಡಲೆ, ಅಲಸಂಡೆ ಬೀಜ, ಮೊಸರು ಇವೂ ಸರದಿಯಲ್ಲಿ ಬರಲಿ.

ಮೀನು ತಿನ್ನುವವರಿಗೆ ದಾರಿ ಸುಲಭ. ಬೂತಾಯಿ, ಬಂಗುಡೆಯ ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು. ಮುಳುಗುವಷ್ಟು ಎಣ್ಣೆಯಲ್ಲಿ ಕರಿಯುವ ಬದಲು ಕಾವಲಿಯಲ್ಲಿ ಬೇಯಿಸಿ, ಅಥವಾ ಹುಣಿಸೆಹುಳಿ ಹಾಕಿ ಪುಳಿಮುಂಚಿ ಮಾಡಿ. ಮೊಟ್ಟೆಗೆ 6 ಗ್ರಾಂ ಪ್ರೋಟೀನು, ಸುಮಾರು 75 ಕ್ಯಾಲೊರಿ. ಬೆಳಗ್ಗೆ ನೀರುದೋಸೆ ಮೂರರ ಬದಲು ಎರಡು ತಿಂದು ಜೊತೆಗೆ ಬೇಯಿಸಿದ ಮೊಟ್ಟೆಯೋ ಕಡಲೆ ಗಸಿಯೋ ಇದ್ದರೆ ಹನ್ನೊಂದು ಗಂಟೆಯ ಹಸಿವಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಸಂಜೆಯ ಹಸಿವು

ಗ್ರೆಲಿನ್ ಹೊಟ್ಟೆ ಖಾಲಿಯಾದದ್ದಕ್ಕೆ ಮಾತ್ರ ಏರುವುದಲ್ಲ, ಹೊತ್ತು ನೋಡಿಯೂ ಏರುತ್ತದೆ. ದಿನಾ ನಾಲ್ಕೂವರೆಗೆ ಚಾ, ಜೊತೆಗೆ ಗೋಳಿಬಜೆಯೋ ಪಳಂಪೊರಿಯೋ ತಿನ್ನುವವರಿಗೆ ನಾಲ್ಕೂವರೆಗೆ ಸರಿಯಾಗಿ ಹಸಿವಾಗುತ್ತದೆ. ತಿನ್ನದೆ ಇದ್ದರೆ ಈ ಅಲೆ ಏರುತ್ತಲೇ ಹೋಗುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ದಿನವಿಡೀ ಉಪವಾಸ ಇದ್ದವರ ರಕ್ತ ಪರೀಕ್ಷಿಸಿದಾಗಲೂ ಗ್ರೆಲಿನ್ ಊಟದ ಹೊತ್ತುಗಳಲ್ಲಿ ಏರಿ ಮತ್ತೆ ಇಳಿದದ್ದು ಕಂಡಿದೆ. ರಂಜಾನಿನ ನೋಂಬು (ಉಪವಾಸ) ಹಿಡಿಯುವವರನ್ನು ಕೇಳಿ: ಮೊದಲ ಕೆಲವು ದಿನ ಕಷ್ಟ, ಮತ್ತೆ ರೂಢಿಯಾಗುತ್ತದೆ ಎನ್ನುತ್ತಾರೆ.

ಹಾಗೆಂದು ಮಧ್ಯಾಹ್ನ ಒಂದಕ್ಕೆ ಉಂಡು ರಾತ್ರಿ ಒಂಬತ್ತರವರೆಗೆ ಖಾಲಿ ಹೊಟ್ಟೆಯಲ್ಲಿರುವುದು ಜಾಣತನ ಅಲ್ಲ. ರಾತ್ರಿ ಎರಡು ಪಟ್ಟು ಉಣ್ಣುವವರು ಹೆಚ್ಚಾಗಿ ಇವರೇ. ಚಾ ಬೇಕಿದ್ದರೆ ಸಕ್ಕರೆ ಕಡಿಮೆ ಮಾಡಿ ಕುಡಿಯಲಿ, ಜೊತೆಗೆ ಒಂದು ಬಟ್ಟಲು ಬೇಯಿಸಿದ ಕಡಲೆ ಅಥವಾ ಒಂದು ಪೇರಳೆ ಇರಲಿ. ಬೇಕರಿಯ ತಿಂಡಿ ಯಾಕೆ ಬೇಡ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. 2019ರಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಬಹಳ ಸಂಸ್ಕರಿಸಿದ ಆಹಾರ, ಎರಡು ವಾರ ಮನೆಯಡಿಗೆಯಂಥ ಆಹಾರ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟಿತು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಸಂಸ್ಕರಿಸಿದ್ದನ್ನು ತಿಂದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಒಳಗೆ ಹೋಗಿತ್ತು.

ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ ಗ್ರೆಲಿನ್ ಶೇ. 28ರಷ್ಟು ಏರಿತು, ಲೆಪ್ಟಿನ್ ಶೇ. 18ರಷ್ಟು ಇಳಿಯಿತು ಎಂದು 2004ರಲ್ಲಿ ವರದಿಯಾಯಿತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಮರುದಿನ ಸಿಹಿ, ಕರಿದದ್ದು ಬೇಕೆನ್ನಿಸುವುದರ ಹಿಂದೆ ಇದೂ ಇದೆ.

ಎಷ್ಟು ಇಳಿಸಬೇಕು?

ಹಸಿವು ಎಷ್ಟು ಕಾಡುತ್ತದೆ ಎಂಬುದು ಎಷ್ಟು ಅವಸರ ಮಾಡುತ್ತೀರಿ ಎಂಬುದರ ಮೇಲಿದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ಮೊದಮೊದಲು ವಾರಕ್ಕೆ ಅರ್ಧ ಕಿಲೋದಷ್ಟು ಇಳಿಯುತ್ತದೆ. ಅದೂ ಕಷ್ಟವಾದರೆ 300 ಸಾಕು. ಎಪ್ಪತ್ತು ಕಿಲೋ ಇರುವವರು ಮೂರೂವರೆ ಕಿಲೋ, ಅಂದರೆ ಶೇ. 5ರಷ್ಟು ಇಳಿಸಿದರೂ ರಕ್ತದೊತ್ತಡ, ಸಕ್ಕರೆಯಲ್ಲಿ ಗುಣ ಕಾಣುತ್ತದೆ. ಅಷ್ಟು ಇಳಿದ ಮೇಲೆ ಕೆಲವು ವಾರ ಇಳಿಸುವುದನ್ನು ನಿಲ್ಲಿಸಿ ಅದೇ ತೂಕದಲ್ಲಿ ಉಳಿಯಲು ನೋಡುವುದು ನನ್ನ ಮಟ್ಟಿಗೆ ಒಳ್ಳೆಯ ಕ್ರಮ. ಎಲ್ಲ ಸರಿಯಾಗಿ ಮಾಡಿದರೂ ಊಟಕ್ಕೆ ಮುಂಚೆ ಒಂದು ಗಂಟೆ ಹಸಿವು ಇದ್ದೇ ಇರುತ್ತದೆ. ಅದು ಸಹಜ.

ನಿಜವಾಗಿ ಇಳಿಸಬೇಕಾದ ತೂಕ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಭಾರತೀಯರಲ್ಲಿ ಬಿಎಂಐ (ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 23 ದಾಟಿದರೆ ಅಧಿಕ ತೂಕ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಮೀರಬಾರದು.

ತಡೆದುಕೊಳ್ಳಬಾರದ ಹಸಿವು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಹಠಾತ್ ಹಸಿವಿನ ಜೊತೆ ಬೆವರು, ಕೈ ನಡುಕ, ಎದೆ ಡವಡವ, ತಲೆ ಮಂಕಾಗುವುದು ಕಂಡರೆ ಅದು ರಕ್ತದ ಸಕ್ಕರೆ ಇಳಿದದ್ದು. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗೆ ಅಪಾಯ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇಂಥವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ಹೇಳಿ ಮದ್ದಿನ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ತಾವಾಗಿ ಡಯಟ್ ಮಾಡಬಾರದು.

ಡಯಟ್ ಮಾಡದೆಯೇ ಹಸಿವು ಹೆಚ್ಚಾಗಿ, ತೂಕ ಇಳಿದು, ಬಾಯಾರಿಕೆ, ಪದೇ ಪದೇ ಮೂತ್ರ ಕಂಡರೆ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಾದಾಗಲೂ ಹೀಗಾಗುತ್ತದೆ. ಸ್ಟಿರಾಯ್ಡ್ ಮಾತ್ರೆಗಳಿಂದಲೂ ಹಸಿವು ಏರುತ್ತದೆ.

ಮನೆಯಲ್ಲಿ ಹದಿಹರೆಯದ ಮಕ್ಕಳು ಸಪೂರ ಇದ್ದರೂ ದಪ್ಪ ಎಂದು ಹೆದರಿ ಊಟ ಅಡಗಿಸುತ್ತಿದ್ದರೆ, ಉಂಡು ವಾಂತಿ ಮಾಡುತ್ತಿದ್ದರೆ, ಹುಡುಗಿಯರಿಗೆ ಮುಟ್ಟು ನಿಂತಿದ್ದರೆ ಅದು ಕಾಯಿಲೆ, ಗದರಿಸಿ ಉಣ್ಣಿಸಿದರೆ ಗುಣವಾಗುವುದಿಲ್ಲ. ಮನೋವೈದ್ಯರನ್ನು ಕಾಣಬೇಕು. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಎನ್ನಿಸಿದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.